ರೂಟಿಂಗ್ ಇನ್ಫರ್ಮೇಷನ್ ಪ್ರೋಟೋಕಾಲ್

ರೂಟಿಂಗ್ ಇನ್ಫರ್ಮೇಷನ್ ಪ್ರೋಟೋಕಾಲ್ ಅಥವಾ ಸಂಕ್ಷೇಪವಾಗಿ ರಿಪ್ ಎಂಬುದು ಗಣಕಜಾಲಗಳಲ್ಲಿ ರೂಟರುಗಳು ತಮಗೆ ತಿಳಿದಿರುವ ಮಾರ್ಗಗಳನ್ನು ಪರಸ್ಪರ ತಿಳಿಸಲು ಬಳಸುವ ಪ್ರೋಟೋಕಾಲ್. ಇದು ಡಿಸ್ಟೆನ್ಸ್ ವೆಕ್ಟರ್ ವರ್ಗಕ್ಕೆ ಸೇರಿದೆ. ಈ ವರ್ಗದಲ್ಲಿ ಪ್ರತಿಯೊಂದು ರೂಟರು ಗುರಿಯ ಜಾಲವು ಎಷ್ಟು ದೂರದಲ್ಲಿದೆ ಹಾಗೂ ಯಾವ ನೆರೆಯ ರೂಟರಿನ ಮೂಲಕ ಸಿಗುತ್ತದೆ ಎಂಬ ಎರಡು ಸಂಗತಿಗಳನ್ನಷ್ಟೇ ಅರಿತಿರುತ್ತದೆ. ರಿಪ್‌ನಲ್ಲಿ ದೂರವನ್ನು ದಾರಿಯಲ್ಲಿ ದಾಟಬೇಕಾದ ರೂಟರುಗಳ ಎಣಿಕೆಯಿಂದ, ಅಂದರೆ ಹಾಪ್‌ಗಳಿಂದ ಅಳೆಯಲಾಗುತ್ತದೆ. ಗರಿಷ್ಠ ದೂರ 15 ಹಾಪ್. 16 ಎಂದರೆ ಆ ಜಾಲವನ್ನು ತಲುಪಲಾಗದು ಎಂದು ಅರ್ಥ.

## ಇತಿಹಾಸ

ರಿಪ್‌ನ ಗಣಿತದ ಅಡಿಪಾಯವು 1950ರ ದಶಕದಲ್ಲಿ ರಿಚರ್ಡ್ ಬೆಲ್ಮನ್ ಮತ್ತು ಲೆಸ್ಟರ್ ಫೋರ್ಡ್ ಪ್ರಕಟಿಸಿದ, ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾದ ಕ್ರಮವಿಧಿ. ಅಮೆರಿಕದ ಅರ್ಪಾನೆಟ್ ಜಾಲವೂ ತನ್ನ ಮೊದಲ ದಶಕದಲ್ಲಿ ಇದೇ ಬಗೆಯ ವಿಧಾನವನ್ನು ಅನುಸರಿಸಿತ್ತು. ರಿಪ್‌ನ ನೇರ ಪೂರ್ವಜರು ಜೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡವು. ಬರ್ಕ್ಲಿ ಯುನಿಕ್ಸ್‌ನೊಂದಿಗೆ ಬರುತ್ತಿದ್ದ ‘ರೂಟ್‌ಡಿ’ ಎಂಬ ತಂತ್ರಾಂಶದ ಮೂಲಕ ಅದು ಎಲ್ಲೆಡೆ ಹಬ್ಬಿತು. ಬಳಕೆ ಮೊದಲು ಬಂದು ಲಿಖಿತ ನಿಯಮ ಆಮೇಲೆ ಬಂದದ್ದು ಇದರ ವಿಶೇಷ: ಚಾರ್ಲ್ಸ್ ಹೆಡ್ರಿಕ್ ಅದಾಗಲೇ ರೂಢಿಯಲ್ಲಿದ್ದುದನ್ನು 1988ರ ಜೂನ್‌ನಲ್ಲಿ ಆರ್‌ಎಫ್‌ಸಿ 1058 ಆಗಿ ದಾಖಲಿಸಿದರು. ಗ್ಯಾರಿ ಮಾಲ್ಕಿನ್ 1993ರಲ್ಲಿ ಪ್ರಕಟಿಸಿದ ಎರಡನೆಯ ಆವೃತ್ತಿಯು 1998ರಲ್ಲಿ ಆರ್‌ಎಫ್‌ಸಿ 2453 ಆಗಿ ಸ್ಥಿರಗೊಂಡಿತು. ಐಪಿವಿ6 ಜಾಲಗಳಿಗಾಗಿ ರಿಪ್-ಎನ್‌ಜಿ ಎಂಬ ರೂಪವು 1997ರಲ್ಲಿ ಬಂದಿತು.

## ಕಾರ್ಯವಿಧಾನ

ರಿಪ್ ರೂಟರು ಸುಮಾರು 30 ಸೆಕೆಂಡಿಗೊಮ್ಮೆ ತನ್ನ ಮಾರ್ಗಪಟ್ಟಿಯನ್ನು ಯುಡಿಪಿ 520ನೇ ಪೋರ್ಟಿನ ಮೂಲಕ ನೆರೆಯವರಿಗೆ ಕಳುಹಿಸುತ್ತದೆ. ಮೊದಲ ಆವೃತ್ತಿಯಲ್ಲಿ ಇದು ಜಾಲದ ಎಲ್ಲ ಯಂತ್ರಗಳಿಗೂ ಹೋಗುತ್ತಿತ್ತು, ಎರಡನೆಯದರಲ್ಲಿ 224.0.0.9 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ ಮಾತ್ರ ಹೋಗುತ್ತದೆ. ಒಂದು ಸಂದೇಶದಲ್ಲಿ ಹೆಚ್ಚೆಂದರೆ 25 ಮಾರ್ಗಗಳಿರಬಹುದು. ಒಂದು ಮಾರ್ಗದ ಬಗ್ಗೆ 180 ಸೆಕೆಂಡುಗಳವರೆಗೆ ಯಾವ ಸುದ್ದಿಯೂ ಬಾರದಿದ್ದರೆ ಅದು ಅಮಾನ್ಯವಾಗುತ್ತದೆ.

ರೂಟರಿಗೆ ಜಾಲದ ಪೂರ್ಣ ನಕ್ಷೆ ತಿಳಿದಿರುವುದಿಲ್ಲ. ನೆರೆಯವರು ಹೇಳಿದ್ದನ್ನು ನಂಬಿ ಅದಕ್ಕೆ ಒಂದು ಹಾಪ್ ಕೂಡಿಸಿ ಮುಂದಿನವರಿಗೆ ಹೇಳುವುದಷ್ಟೇ ಅದರ ಕೆಲಸ. ಈ ವಿಧಾನದ ಸರಳತೆಗೂ ದೌರ್ಬಲ್ಯಕ್ಕೂ ಇದೇ ಮೂಲ. ಎ ಎಂಬ ರೂಟರಿನ ಹಿಂದಿರುವ ಜಾಲವು ಕಡಿದುಹೋಯಿತೆಂದು ಭಾವಿಸಿದರೆ, ಆ ಸುದ್ದಿಯನ್ನು ಎ ಹೇಳುವ ಮೊದಲೇ ನೆರೆಯ ಬಿ ತನ್ನ ಹಳೆಯ ಪಟ್ಟಿಯನ್ನು ಕಳುಹಿಸಬಹುದು. ಬಿ ಆ ಮಾರ್ಗವನ್ನು ಕಲಿತದ್ದು ತನ್ನಿಂದಲೇ ಎಂದು ಅರಿಯದ ಎ ಅದನ್ನು ನಂಬುತ್ತದೆ. ಅನಂತರ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಮಾರ್ಗವನ್ನು ಹೇಳುತ್ತಾ, ಎಣಿಕೆ 16 ಮುಟ್ಟುವವರೆಗೂ ಪ್ಯಾಕೆಟ್‌ಗಳನ್ನು ತಮ್ಮ ನಡುವೆಯೇ ಸುತ್ತಿಸುತ್ತಾರೆ. ಇದನ್ನು ‘ಅನಂತದವರೆಗಿನ ಎಣಿಕೆ’ ಎನ್ನಲಾಗುತ್ತದೆ. ಮಿತಿಯು 16ರಷ್ಟು ಚಿಕ್ಕದಾಗಿರುವುದು ಈ ಎಣಿಕೆ ಬೇಗ ಮುಗಿಯಲೆಂದೇ. ಒಂದು ದಿಕ್ಕಿನಿಂದ ಕಲಿತ ಮಾರ್ಗವನ್ನು ಅದೇ ದಿಕ್ಕಿಗೆ ಹೇಳದಿರುವ ‘ಸ್ಪ್ಲಿಟ್ ಹೊರೈಜನ್’ ನಿಯಮವು ಇಬ್ಬರ ನಡುವಿನ ಸುತ್ತನ್ನು ತಡೆಯುತ್ತದೆ. ಮೂರು ಅಥವಾ ಹೆಚ್ಚು ರೂಟರುಗಳು ವರ್ತುಲವಾಗಿ ಜೋಡಣೆಗೊಂಡಿದ್ದಲ್ಲಿ ಅದೊಂದೇ ಸಾಲದು.

## ಸಂರಚನೆ

ಸಿಸ್ಕೊ ಐಒಎಸ್ ಸಾಧನಗಳಲ್ಲಿ ರಿಪ್ ಅನ್ನು ನಾಲ್ಕೈದು ಸಾಲುಗಳಲ್ಲಿ ಆರಂಭಿಸಬಹುದು. ಆಜ್ಞೆಗಳನ್ನು ಇಲ್ಲಿ ಉಚ್ಚಾರಕ್ಕನುಗುಣವಾಗಿ ಬರೆಯಲಾಗಿದೆ. ಸಾಧನದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕಾಗುತ್ತದೆ. ಎ, ಬಿ, ಸಿ ಎಂಬ ಮೂರು ರೂಟರುಗಳು ಸಾಲಾಗಿ ಜೋಡಣೆಗೊಂಡಿವೆ ಎಂದುಕೊಳ್ಳಬಹುದು. ಎ ರೂಟರಿನ ಸ್ಥಳೀಯ ಜಾಲ 172.16.1.0/24, ಸಿ ರೂಟರಿನದು 172.16.2.0/24. ಎ-ಬಿ ಕೊಂಡಿ 10.0.0.0/30, ಬಿ-ಸಿ ಕೊಂಡಿ 10.0.0.4/30. ಆಗ ಎ ರೂಟರಿನಲ್ಲಿ ಕೊಡುವ ಆಜ್ಞೆಗಳು:

ರೂಟರ್ ರಿಪ್
ವರ್ಷನ್ 2
ನೆಟ್‌ವರ್ಕ್ 172.16.0.0
ನೆಟ್‌ವರ್ಕ್ 10.0.0.0
ನೋ ಆಟೋ-ಸಮ್ಮರಿ

ಸಿ ರೂಟರಿನಲ್ಲಿಯೂ ಇವೇ ಸಾಲುಗಳು. ಬಿ ರೂಟರಿಗೆ 172.16.0.0 ಸಾಲು ಬೇಕಿಲ್ಲ.

‘ನೆಟ್‌ವರ್ಕ್’ ಆಜ್ಞೆಯನ್ನು ವಿದ್ಯಾರ್ಥಿಗಳು ‘ಈ ಜಾಲವನ್ನು ಘೋಷಿಸು’ ಎಂದು ಅರ್ಥಮಾಡಿಕೊಳ್ಳುವುದುಂಟು. ವಾಸ್ತವದಲ್ಲಿ ಅದು ಯಾವ ಇಂಟರ್‌ಫೇಸ್‌ಗಳಲ್ಲಿ ರಿಪ್ ನಡೆಯಬೇಕು ಎಂಬುದನ್ನು ಆರಿಸುತ್ತದೆ. ಹಾಗೆ ಆಯ್ಕೆಯಾದ ಇಂಟರ್‌ಫೇಸ್‌ನ ಜಾಲವು ಅದರೊಂದಿಗೆ ಘೋಷಿತವಾಗುತ್ತದೆ. ಇದು ವಿಳಾಸವರ್ಗಗಳ ಕಾಲದ ಆಜ್ಞೆಯಾದ್ದರಿಂದ 172.16.1.0 ಎಂದು ಕೊಟ್ಟರೂ ಸಾಧನವು 172.16.0.0 ಎಂದೇ ಬರೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಬಳಸುವ ಎಫ್‌ಆರ್ ರೂಟಿಂಗ್ ತಂತ್ರಾಂಶದಲ್ಲಿ ಇದೇ ಆಜ್ಞೆಗೆ 10.0.0.0/30ರಂತಹ ಪೂರ್ವಪ್ರತ್ಯಯವನ್ನೋ ಇಂಟರ್‌ಫೇಸ್‌ನ ಹೆಸರನ್ನೋ ಕೊಡಬಹುದು. ‘ವರ್ಷನ್ 2’ ಸಾಲನ್ನು ಬಿಟ್ಟರೆ ಐಒಎಸ್ ಎರಡೂ ಆವೃತ್ತಿಗಳನ್ನು ಸ್ವೀಕರಿಸುತ್ತದೆ, ಆದರೆ ಕಳುಹಿಸುವುದು ಮೊದಲನೆಯದನ್ನು ಮಾತ್ರ. ಆ ಆವೃತ್ತಿಯ ಸಂದೇಶದಲ್ಲಿ ಸಬ್‌ನೆಟ್ ಮಾಸ್ಕ್ ಇರುವುದಿಲ್ಲ.

ಹೆಚ್ಚು ತೊಂದರೆ ಕೊಡುವುದು ಕೊನೆಯ ಸಾಲಿನ ಅಭಾವ. ಐಒಎಸ್‌ನ ರಿಪ್‌ನಲ್ಲಿ ಸ್ವಯಂ ಸಂಕ್ಷೇಪಣೆಯು ಪೂರ್ವನಿಯೋಜಿತವಾಗಿ ಚಾಲ್ತಿಯಲ್ಲಿರುತ್ತದೆ. ಅದನ್ನು ನಿಲ್ಲಿಸದಿದ್ದರೆ, ಮೇಲಿನ ಉದಾಹರಣೆಯಲ್ಲಿ ಎ ಮತ್ತು ಸಿ ಎರಡೂ ಬಿ ರೂಟರಿಗೆ ‘172.16.0.0/16 ನನ್ನ ಬಳಿ ಇದೆ, ಒಂದು ಹಾಪ್’ ಎಂದೇ ಹೇಳುತ್ತವೆ. ಸಮಾನ ದೂರದ ಈ ಎರಡು ಮಾರ್ಗಗಳನ್ನೂ ಬಿ ಒಪ್ಪಿಕೊಂಡು ದಟ್ಟಣೆಯನ್ನು ಇಬ್ಬರಿಗೂ ಹಂಚುತ್ತದೆ. ಒಂದಿಷ್ಟು ಪ್ಯಾಕೆಟ್‌ಗಳು ತಪ್ಪು ಕಡೆಗೆ ಹೋಗಿ ನಾಶವಾಗುತ್ತವೆ. ಎಲ್ಲ ಕೊಂಡಿಗಳೂ ಸರಿಯಾಗಿದ್ದು, ರಿಪ್ ಕೂಡ ನಡೆಯುತ್ತಿದ್ದು, ಕೆಲವು ವಿಳಾಸಗಳು ಮಾತ್ರ ಸಿಗದಿರುವ ದೋಷವನ್ನು ಕೇಬಲ್ಲಿನಲ್ಲಿ ಹುಡುಕುವುದು ವ್ಯರ್ಥ.

ಸಂರಚನೆ ಸರಿಯಿದ್ದರೆ, ಎ ರೂಟರಿನಲ್ಲಿ ‘ಶೋ ಐಪಿ ರೂಟ್’ ಆಜ್ಞೆಗೆ 172.16.2.0/24ರ ಮುಂದೆ ‘ಆರ್’ ಅಕ್ಷರವೂ [120/2] ಎಂಬ ಗುರುತೂ ಕಾಣುತ್ತವೆ. 120 ಎಂಬುದು ಸಿಸ್ಕೊ ಸಾಧನಗಳು ರಿಪ್‌ಗೆ ನೀಡಿರುವ ವಿಶ್ವಾಸದ ಅಂಕ. ಅಂಕ ಕಡಿಮೆಯಾದಷ್ಟೂ ವಿಶ್ವಾಸ ಹೆಚ್ಚು. 2 ಎಂಬುದು ಹಾಪ್‌ಗಳ ಸಂಖ್ಯೆ. ಕಾಲಮಾಪಕಗಳನ್ನು ಬದಲಿಸುವುದಾದರೆ ಜಾಲದ ಎಲ್ಲ ರೂಟರುಗಳಲ್ಲೂ ಒಂದೇ ರೀತಿ ಬದಲಿಸಬೇಕು.

## ಭದ್ರತೆ

ಕೇಳಿದ್ದನ್ನು ನಂಬುವ ಪ್ರೋಟೋಕಾಲ್‌ನಲ್ಲಿ ಯಾರ ಮಾತನ್ನು ಕೇಳಬೇಕು ಎಂಬುದು ಮುಖ್ಯವಾಗುತ್ತದೆ. ಬಳಕೆದಾರರ ಗಣಕಗಳಿರುವ ಕಡೆಗೆ ಮಾರ್ಗಪಟ್ಟಿ ಹೋಗದಿರಲೆಂದು ‘ಪ್ಯಾಸಿವ್-ಇಂಟರ್‌ಫೇಸ್’ ಆಜ್ಞೆಯನ್ನು ಕೊಡುವ ರೂಢಿಯಿದೆ. ಆದರೆ ರಿಪ್‌ನಲ್ಲಿ ಈ ಆಜ್ಞೆಯು ಕಳುಹಿಸುವುದನ್ನಷ್ಟೇ ನಿಲ್ಲಿಸುತ್ತದೆ; ಆ ದಿಕ್ಕಿನಿಂದ ಬರುವ ಘೋಷಣೆಗಳನ್ನು ರೂಟರು ಸ್ವೀಕರಿಸುತ್ತಲೇ ಇರುತ್ತದೆ. ಹೀಗಾಗಿ ಆ ಜಾಲದಲ್ಲಿರುವ ಯಾವುದೇ ಗಣಕವು ಸುಳ್ಳು ಮಾರ್ಗವನ್ನು ಘೋಷಿಸಿ ಇತರರ ದಟ್ಟಣೆಯನ್ನು ತನ್ನತ್ತ ಎಳೆದುಕೊಳ್ಳಬಲ್ಲದು. ಇದಕ್ಕೆ ಪರಿಹಾರ ದೃಢೀಕರಣ. ಎರಡನೆಯ ಆವೃತ್ತಿಯ ಮೂಲ ರೂಪದಲ್ಲಿದ್ದ ಬಹಿರಂಗ ಗುಪ್ತಪದವು ತಂತಿಯ ಮೇಲೆ ಯಾರಾದರೂ ಓದಬಹುದಾದದ್ದು. ಅದರ ಬದಲು ಎಂಡಿ5 ವಿಧಾನವನ್ನೋ, ಸಾಧನದಲ್ಲಿ ಲಭ್ಯವಿದ್ದರೆ 2007ರ ಆರ್‌ಎಫ್‌ಸಿ 4822 ಸೂಚಿಸಿದ ಎಸ್‌ಎಚ್‌ಎ ವಿಧಾನಗಳನ್ನೋ ಬಳಸಲಾಗುತ್ತದೆ. ಕೀ-ಚೈನ್‌ನ ಹೆಸರು ಪ್ರತಿ ರೂಟರಿನಲ್ಲಿ ಬೇರೆಯಿರಬಹುದು, ಆದರೆ ಕೀ ಸಂಖ್ಯೆ ಮತ್ತು ಗುಪ್ತಪದ ಎರಡೂ ಕಡೆ ಒಂದೇ ಆಗಿರಬೇಕು.

ಮೊದಲ ಆವೃತ್ತಿಯಲ್ಲಿ ದೃಢೀಕರಣವೇ ಇಲ್ಲ. ಅಂತರಜಾಲಕ್ಕೆ ತೆರೆದುಕೊಂಡಿದ್ದ ಅಂತಹ ಹಳೆಯ ರೂಟರುಗಳನ್ನು 2015ರಲ್ಲಿ ಸೇವಾ ನಿರಾಕರಣೆ ದಾಳಿಗಳಿಗೆ ಬಳಸಿಕೊಳ್ಳಲಾಯಿತು. ಬಲಿಪಶುವಿನ ವಿಳಾಸವನ್ನು ನಕಲು ಮಾಡಿ 24 ಬೈಟ್‌ಗಳ ಕೋರಿಕೆ ಕಳುಹಿಸಿದರೆ, ರೂಟರು ತಲಾ 504 ಬೈಟ್‌ಗಳವರೆಗಿನ ಹಲವು ಉತ್ತರಗಳನ್ನು ಆ ವಿಳಾಸಕ್ಕೆ ಸುರಿಯುತ್ತದೆ. ಹೊರಜಾಲದ ಕಡೆಯಿಂದ ಬರುವ ಯುಡಿಪಿ 520ನ್ನು ತಡೆಯುವುದು ಇದಕ್ಕೆ ನೇರ ಉಪಾಯ.

## ಮಿತಿಗಳು

ಹಾಪ್‌ಗಳ ಎಣಿಕೆಯು ಕೊಂಡಿಯ ವೇಗವನ್ನು ಗಮನಿಸುವುದಿಲ್ಲ. ಸೆಕೆಂಡಿಗೆ 64 ಕಿಲೋಬಿಟ್‌ನ ಒಂದು ಹಾಪ್ ಮತ್ತು ಗಿಗಾಬಿಟ್ ವೇಗದ ಎರಡು ಹಾಪ್‌ಗಳ ನಡುವೆ ರಿಪ್ ಮೊದಲನೆಯದನ್ನೇ ಆರಿಸುತ್ತದೆ. ಈ ಕಾರಣದಿಂದಲೂ, ಬದಲಾವಣೆಗೆ ನಿಧಾನವಾಗಿ ಸ್ಪಂದಿಸುವುದರಿಂದಲೂ ದೊಡ್ಡ ಜಾಲಗಳಲ್ಲಿ ಒಎಸ್‌ಪಿಎಫ್ ಮತ್ತು ಐಎಸ್-ಐಎಸ್ ಪ್ರೋಟೋಕಾಲ್‌ಗಳು ಅದರ ಸ್ಥಾನಕ್ಕೆ ಬಂದಿವೆ. ಡಿಸ್ಟೆನ್ಸ್ ವೆಕ್ಟರ್ ವಿಧಾನವು ಮಾತ್ರ ಅಳಿದಿಲ್ಲ: ಸಿಸ್ಕೊ ರೂಪಿಸಿದ ಇಐಜಿಆರ್‌ಪಿ ಮತ್ತು ನಿಸ್ತಂತು ಜಾಲಗಳಲ್ಲಿಯೂ ಬಳಸಬಹುದಾದ, 2021ರಲ್ಲಿ ಆರ್‌ಎಫ್‌ಸಿ 8966 ಆಗಿ ಪ್ರಕಟವಾದ ಬೇಬಲ್ ಪ್ರೋಟೋಕಾಲ್‌ಗಳು ಮಾರ್ಗದ ಸುತ್ತುಗಳು ಉಂಟಾಗದಂತೆ ಹೆಚ್ಚುವರಿ ನಿಯಮಗಳನ್ನು ಸೇರಿಸಿ ಅದನ್ನೇ ಮುಂದುವರಿಸಿವೆ.