ಕೆರೆಗಳ ಊರಿನಲ್ಲಿ ಬೇಸಿಗೆಯ ಎರಡು ದಿನ

ಮಹಾರಾಷ್ಟ್ರದ ಠಾಣೆ ನಗರಕ್ಕೆ ಮರಾಠಿಯಲ್ಲಿ ‘ತಲಾವಾಂಚೆ ಶಹರ’, ಅಂದರೆ ಕೆರೆಗಳ ಊರು, ಎಂಬ ಹೆಸರು ಬಹುಕಾಲದಿಂದ ನಿಂತಿದ್ದು, ನಗರದ ಎಲ್ಲೆಯೊಳಗೆ ಇಂದಿಗೂ ಸುಮಾರು 35 ಕೆರೆಗಳು ಉಳಿದುಕೊಂಡಿವೆ. ಠಾಣೆ ಅಳಿವೆಯ ಪೂರ್ವ ದಡದಲ್ಲಿ, ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳ ನಡುವೆ ಇರುವ ನವಿಮುಂಬಯಿಯ ರಬಾಳೆಯಿಂದ ಈ ಊರು ಲೋಕಲ್ ರೈಲಿನಲ್ಲಿ ಕಾಲು ಗಂಟೆಯ ದಾರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಲು ಟಿಕೆಟ್ ಸಿಗದೆ ಉಳಿದ ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಶನಿವಾರ, ಭಾನುವಾರಗಳ ವಿಹಾರದ ಮಾತು ಬಂದಾಗ ಲೋಣಾವಳ, ಮಾಥೇರಾನ್‌ಗಳ ಹೆಸರುಗಳು ಮೊದಲು ಕೇಳಿಬರುತ್ತವೆಯೇ ಹೊರತು, ಮಗ್ಗುಲಲ್ಲೇ ಇರುವ ಠಾಣೆ ಯಾರ ನೆನಪಿಗೂ ಬರುವುದಿಲ್ಲ. ಆದರೆ ಘಟ್ಟದ ಊರುಗಳಿಗೆ ಹೋಗುವವರಿಗೆ ದೂರವೂ ವಸತಿಯ ಖರ್ಚೂ ಚಿಂತೆಯಾದರೆ, ಕೆರೆಯ ಊರಿಗೆ ಹೋಗುವವರು ಚಿಂತಿಸಬೇಕಾದದ್ದು ಹೊತ್ತಿನ ಬಗ್ಗೆ ಮಾತ್ರ. ಯಾವ ನೀರಿನ ದಡದಲ್ಲಿ ಯಾವ ಗಳಿಗೆಗೆ ಇರಬೇಕು ಎಂಬುದನ್ನು ಅರಿತವರಿಗೆ ಈ ಊರು ಒಲಿಯುತ್ತದೆ. ಅರಿಯದವರಿಗೆ ಅದು ಬಿಸಿಲು ಮತ್ತು ಬೆವರಿನ ಇನ್ನೊಂದು ಉಪನಗರ, ಅಷ್ಟೇ.

ಇಷ್ಟೊಂದು ಕೆರೆಗಳು ಒಂದೇ ಊರಿನಲ್ಲಿ ಏಕಿವೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿನ ನೆಲದಲ್ಲೇ ಇದೆ. ಪಶ್ಚಿಮಕ್ಕೆ ಯೇವೂರಿನ ಗುಡ್ಡಗಳು, ಪೂರ್ವಕ್ಕೆ ಪಾರಸಿಕ್ ಬೆಟ್ಟದ ಸಾಲು, ಇವೆರಡರ ನಡುವೆ ಖಾಡಿ, ಎಂದರೆ ಭರತ–ಇಳಿತಗಳೊಡನೆ ಸಮುದ್ರದ ಉಪ್ಪುನೀರು ಒಳನಾಡಿನವರೆಗೂ ಏರಿ ಇಳಿಯುವ ಅಳಿವೆ, ಹರಡಿಕೊಂಡಿರುವುದರಿಂದ, ಕಣ್ಣೆದುರು ನೀರಿದ್ದರೂ ಅದು ಕುಡಿಯಲು ಬಾರದು. ಮಳೆಯೋ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಮತ್ತು ಕೆಳಗಿರುವ ಕಪ್ಪು ಬಸಾಲ್ಟ್ ಬಂಡೆ ಅದನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ. ಗುಡ್ಡದಿಂದ ಇಳಿದು ಖಾಡಿಗೆ ಸೇರಿ ಉಪ್ಪಾಗುವ ಮುನ್ನ ಆ ಸಿಹಿನೀರನ್ನು ಅಡ್ಡಗಟ್ಟಿ ನಿಲ್ಲಿಸಿಕೊಳ್ಳುವುದೊಂದೇ ಹಿಂದಿನವರಿಗಿದ್ದ ದಾರಿ. ಠಾಣೆಯ ಕೆರೆಗಳು ಆ ಅಗತ್ಯದ ಫಲ. ನಗರದ ಅತ್ಯಂತ ಪ್ರಸಿದ್ಧ ಕೆರೆಯಾದ ಮಾಸುಂದಾದ ಸುತ್ತಲಿನ ಪ್ರದೇಶವನ್ನು ಜನ ‘ತಲಾವ್ ಪಾಳಿ’ ಎನ್ನುತ್ತಾರೆ. ಪಾಳಿ ಎಂದರೆ ಕೆರೆಯ ಏರಿ. ಕನ್ನಡನಾಡಿನ ಹಳ್ಳಿಗರು ‘ಏರಿಯ ಮೇಲೆ ಹೋಗಿಬರುತ್ತೇವೆ’ ಎನ್ನುವಂತೆಯೇ ಠಾಣೆಯವರು ಸಂಜೆ ‘ಪಾಳಿಗೆ’ ಹೋಗುತ್ತಾರೆ.

ಈ ಊರಿಗೂ ಕನ್ನಡನಾಡಿಗೂ ಇರುವ ನಂಟು ಕನ್ನಡಿಗರ ಹೋಟೆಲುಗಳ ಕಾಲಕ್ಕಿಂತ ಬಹಳ ಹಿಂದಿನದು. ಶಾಸನಗಳಲ್ಲಿ ‘ಸ್ಥಾನಕ’ ಎಂದು ಕರೆಯಲಾದ ಠಾಣೆ ಉತ್ತರ ಕೊಂಕಣದ ಶಿಲಾಹಾರ ಅರಸರ ರಾಜಧಾನಿಯಾಗಿತ್ತು. ಆ ಶಿಲಾಹಾರರು ಮೊದಮೊದಲು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಯೇವೂರು ಗುಡ್ಡಗಳ ಇನ್ನೊಂದು ಮಗ್ಗುಲಲ್ಲಿರುವ ಕಾನ್ಹೇರಿಯ ಬೌದ್ಧ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಿಲಾಹಾರರ ಶಾಸನಗಳಿದ್ದು, ಅವು ತಮ್ಮ ಸಾರ್ವಭೌಮನೆಂದು ಹೆಸರಿಸುವುದು ಅಮೋಘವರ್ಷನನ್ನು, ಅಂದರೆ ‘ಕವಿರಾಜಮಾರ್ಗ’ ಯಾರ ಆಸ್ಥಾನದಲ್ಲಿ ಹುಟ್ಟಿತೋ ಅದೇ ನೃಪತುಂಗನನ್ನು. ಶಿಲಾಹಾರರು ಇಲ್ಲಿ ಅರುವತ್ತು ಗುಡಿಗಳನ್ನೂ ಅರುವತ್ತು ಕೆರೆಗಳನ್ನೂ ಕಟ್ಟಿಸಿದರೆಂಬ ಮಾತು ಠಾಣೆಯಲ್ಲಿ ಪ್ರಚಲಿತವಾಗಿದೆ. ಇಂಥ ದುಂಡನೆಯ ಸಂಖ್ಯೆಗಳನ್ನು ಇತಿಹಾಸವೆಂದು ಒಪ್ಪುವುದು ಕಷ್ಟವಾದರೂ, ಗುಡಿ ಮತ್ತು ಕೆರೆಯನ್ನು ಜೋಡಿಯಾಗಿ ಕಾಣುವ ಆ ನೆನಪನ್ನು ತಳ್ಳಿಹಾಕಬೇಕಾಗಿಲ್ಲ. ಮಾಸುಂದಾದ ದಡದಲ್ಲಿ ಇಂದಿಗೂ ನಗರದ ಗ್ರಾಮದೇವತೆಯಾದ ಕೌಪೀನೇಶ್ವರನ ಗುಡಿಯಿದೆ. ಪೋರ್ಚುಗೀಸರ ಕೈಯಿಂದ ಠಾಣೆ 1737ರಲ್ಲಿ ಮರಾಠರ ವಶವಾದ ಬಳಿಕ, 1760ರ ಸುಮಾರಿಗೆ ಸರಸುಭೇದಾರ ರಾಮಾಜಿ ಮಹಾದೇವ ಬಿವಲಕರ ಈ ಗುಡಿಯನ್ನು ಕಟ್ಟಿಸಿದ. ಯುಗಾದಿಯಂದು, ಎಂದರೆ ಮರಾಠಿಗರ ಗುಢಿಪಾಡ್ವದಂದು, ಇಲ್ಲಿ ಹೊರಡುವ ಸ್ವಾಗತ ಯಾತ್ರೆಯೊಡನೆ ಊರಿನ ಬೇಸಿಗೆ ಆರಂಭವಾಗುತ್ತದೆ ಎನ್ನಬಹುದು.

ಹೊತ್ತಿನ ಲೆಕ್ಕ ಹವೆಯಿಂದ ಆರಂಭವಾಗಬೇಕು. ಮುಂಬಯಿಯ ಕಡಲಂಚಿನ ಬಡಾವಣೆಗಳಿಗೆ ಮಧ್ಯಾಹ್ನವೇ ತಲುಪುವ ಸಮುದ್ರದ ಗಾಳಿ ಒಳನಾಡಿನಲ್ಲಿರುವ ಠಾಣೆಯನ್ನು ಮುಟ್ಟುವುದು ತಡವಾಗಿ, ಅದೂ ನಡುವಿನ ಗುಡ್ಡಗಳನ್ನು ಬಳಸಿ ಸೋತು. ಹೀಗಾಗಿ ಹನ್ನೊಂದರಿಂದ ನಾಲ್ಕರವರೆಗಿನ ಹೊತ್ತನ್ನು ಯಾವ ಕೆರೆಯ ದಡಕ್ಕೂ ಮೀಸಲಿಡಬಾರದು. ಅದು ಊಟ ಮತ್ತು ನಿದ್ದೆಗೆ ಸಲ್ಲಬೇಕಾದ ಕಾಲ. ಮಕ್ಕಳು ಕೇಳದಿದ್ದರೆ ಘೋಡಬಂದರ್ ರಸ್ತೆಯ ಕಡೆ ಸೂರಜ್ ವಾಟರ್ ಪಾರ್ಕ್ ಇದೆ, ಮಾನಪಾಡಾದಲ್ಲಿ ಟಿಕುಜಿನಿ ವಾಡಿ ಇದೆ. ಅವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಶನಿವಾರ ಮಧ್ಯಾಹ್ನ ಹೊರಟು ಸಂಜೆಗೆ ಠಾಣೆ ಸೇರುವುದಕ್ಕೆ ಒಂದು ಚಾರಿತ್ರಿಕ ಮೇಲ್ಪಂಕ್ತಿಯೂ ಇದೆ. ಭಾರತದ ಮೊದಲ ಪ್ರಯಾಣಿಕರ ರೈಲು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ್ದು 1853ರ ಏಪ್ರಿಲ್ 16ರಂದು. ಆ ದಿನ ಶನಿವಾರವಾಗಿತ್ತು, ರೈಲು ಹೊರಟದ್ದು ಮಧ್ಯಾಹ್ನ ಮೂರೂವರೆಯ ನಂತರ, ಮತ್ತು ಅದರಲ್ಲಿದ್ದ ಸುಮಾರು 400 ಮಂದಿಗೆ ಠಾಣೆಯಲ್ಲಿ ಯಾವ ತುರ್ತು ಕೆಲಸವೂ ಇರಲಿಲ್ಲ. ಈ ದೇಶದ ರೈಲಿನ ಚರಿತ್ರೆ ಒಂದು ಬೇಸಿಗೆಯ ವಾರಾಂತ್ಯದ ವಿಹಾರದಿಂದಲೇ ಶುರುವಾಯಿತು ಎಂದರೆ ತಪ್ಪಾಗದು. ರಬಾಳೆಯವರಿಗೆ ಈ ಭಾಗ್ಯ ದೊರೆತದ್ದು ತೀರ ಇತ್ತೀಚೆಗೆ, 2004ರ ನವೆಂಬರ್‌ನಲ್ಲಿ ಠಾಣೆ–ವಾಶಿ ನಡುವಿನ ಟ್ರಾನ್ಸ್-ಹಾರ್ಬರ್ ಮಾರ್ಗದಲ್ಲಿ ಪ್ರಯಾಣಿಕರ ರೈಲು ಆರಂಭವಾದ ಮೇಲೆ.

ಠಾಣೆ ನಿಲ್ದಾಣದ ಪಶ್ಚಿಮ ದ್ವಾರದಿಂದ ಮಾಸುಂದಾ ಕೆರೆ ನಡೆದೇ ಹೋಗುವಷ್ಟು ಹತ್ತಿರ. ಬಿಸಿಲು ಇಳಿದ ಮೇಲೆ ಇಲ್ಲಿ ಕಾಲಿನಿಂದ ತುಳಿಯುವ ಪೆಡಲ್ ದೋಣಿಗಳು ನೀರಿಗಿಳಿಯುತ್ತವೆ, ಏರಿಯ ಉದ್ದಕ್ಕೂ ಭೇಲ್ ಮತ್ತು ಕುಲ್ಫಿಯ ಗಾಡಿಗಳು ನಿಲ್ಲುತ್ತವೆ, ದಡದಲ್ಲೇ ಇರುವ ಗಡಕರಿ ರಂಗಾಯತನದಲ್ಲಿ ಮರಾಠಿ ನಾಟಕಗಳು ನಡೆಯುತ್ತವೆ. ನಾಟಕಕಾರ ರಾಮ ಗಣೇಶ ಗಡಕರಿಯವರ ಹೆಸರು ಹೊತ್ತ ಈ ರಂಗಮಂದಿರದ ಆಟದ ವೇಳೆಯನ್ನು ಮೊದಲೇ ನೋಡಿಕೊಂಡು ಹೋದರೆ ಒಂದು ಸಂಜೆ ತುಂಬಿಹೋಗುತ್ತದೆ. ಗದ್ದಲ ಬೇಡವೆನ್ನುವವರು ಪಾಂಚಪಾಖಾಡಿಯಲ್ಲಿ ಮಹಾನಗರಪಾಲಿಕೆಯ ಕಚೇರಿಯ ಬಳಿಯ ಕಚರಾಳಿ ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ನಡೆಯಬಹುದು.

ಊಟ–ತಿಂಡಿಯ ವಿಷಯದಲ್ಲಿ ಠಾಣೆಯ ಮೊದಲ ಹೆಸರು ಮಾಮಲೇದಾರ್ ಮಿಸಳ್. ಮೊಳಕೆಕಾಳಿನ ಖಾರದ ಸಾರಿನ ಮೇಲೆ ಫರಸಾಣ್, ಈರುಳ್ಳಿ ಉದುರಿಸಿ ಪಾವ್ ಜತೆ ಕೊಡುವ ಈ ತಿನಿಸಿಗೆ, ತಹಶೀಲ್ದಾರ ಅಥವಾ ಮಾಮಲೇದಾರರ ಕಚೇರಿಯ ಆವರಣದ ಕ್ಯಾಂಟೀನಿನಿಂದ ಆ ಹೆಸರು ಬಂತು. ಅದನ್ನು ನಡೆಸಿಕೊಂಡು ಬಂದ ಮನೆತನದ ಅಡ್ಡಹೆಸರು ಮುರ್ಡೇಶ್ವರ ಎಂಬುದನ್ನು ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ಮೇ ತಿಂಗಳ ನಡುಹಗಲಿಗೆ ಅದರ ಖಾರ ಹೇಳಿಮಾಡಿಸಿದ್ದಲ್ಲ. ಬೆಳಗಿನ ತಿಂಡಿಗೆ ಅದು ಸರಿ. ಹಗಲಿಗೆ ತಕ್ಕವು ಮಾವಿನಕಾಯಿ ಬೇಯಿಸಿ ಮಾಡುವ ಪನ್ಹೆ, ಕರಾವಳಿಯವರು ಪುನರ್ಪುಳಿ ಎನ್ನುವ ಕೋಕಮ್‌ನ ಶರಬತ್ತು, ಮತ್ತು ರಸ್ತೆ ಬದಿಯಲ್ಲಿ ಸುಲಿದು ಕೊಡುವ ತಾಡಗೋಳಾ, ಅಂದರೆ ತಾಟಿನಿಂಗು, ತುಳುವರ ಇರೋಳು.

ಭಾನುವಾರದ ಬೆಳಗು ಎರಡು ದಿನಗಳಲ್ಲಿ ಅತ್ಯಂತ ಬೆಲೆಯುಳ್ಳ ಹೊತ್ತು, ಮತ್ತು ಅದನ್ನು ಎಲ್ಲಿ ಕಳೆಯಬೇಕೆಂಬುದೇ ಯೋಜನೆಯ ತಿರುಳು. ಒಂದು ಆಯ್ಕೆ ಉಪವನ ಕೆರೆ. ಯೇವೂರು ಗುಡ್ಡದ ಬುಡದಲ್ಲಿರುವ ಈ ಕೆರೆಯ ಹಿಂದೆ ಏರುವ ಕಾಡು ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಗ. ಅಲ್ಲಿ ಚಿರತೆಗಳಿವೆ, ಆದಿವಾಸಿಗಳ ‘ಪಾಡಾ’ಗಳು, ಎಂದರೆ ಸಣ್ಣ ಹಾಡಿಗಳು, ಇವೆ, ಆದ್ದರಿಂದ ಯೇವೂರನ್ನು ಧ್ವನಿವರ್ಧಕದೊಡನೆ ಹೋಗುವ ತೋಟದೂಟದ ಜಾಗವೆಂದು ಭಾವಿಸುವುದು ಅವಿವೇಕ. ಸೂರ್ಯ ಗುಡ್ಡದ ಎದುರು ದಿಕ್ಕಿನಿಂದ ಮೂಡುವುದರಿಂದ ಬೆಳಗಿನ ಆರರಿಂದ ಎಂಟರವರೆಗೆ ಕಾಡಿನ ಇಳಿಜಾರು ಪೂರ್ತಿ ಬೆಳಕಿನಲ್ಲಿರುತ್ತದೆ.

ಇನ್ನೊಂದು ಆಯ್ಕೆ ರಬಾಳೆಯ ಪಕ್ಕದ ನಿಲ್ದಾಣವಾದ ಐರೋಲಿಯಲ್ಲೇ ಇದೆ. ಠಾಣೆ ಖಾಡಿಯ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್ಸರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಕನ್ನಡದಲ್ಲಿ ರಾಜಹಂಸವೆಂದು ಕರೆಯಲಾಗುವ ಈ ಹಕ್ಕಿಗಳು ಚಳಿಗಾಲದ ಹೊತ್ತಿಗೆ ಬಂದು ಮಳೆ ಹಿಡಿಯುವವರೆಗೂ ಇರುವುದರಿಂದ, ಏಪ್ರಿಲ್–ಮೇ ತಿಂಗಳ ಪ್ರವಾಸಿಗೆ ಇವು ತಪ್ಪಿಹೋಗುವುದಿಲ್ಲ. ಖಾಡಿಯ ಕೆಸರಿನಲ್ಲಿ ಬೆಳೆಯುವ ಪಾಚಿಯಲ್ಲೂ ಅದನ್ನು ತಿನ್ನುವ ಸಣ್ಣ ಜೀವಿಗಳಲ್ಲೂ ಇರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ದ್ರವ್ಯವೇ ಇವುಗಳ ಗುಲಾಬಿ ಗರಿಗಳಿಗೆ ಕಾರಣ. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಹಕ್ಕಿ ನೋಡಲು ದೋಣಿಗಳು ಹೊರಡುತ್ತವೆ, ಮತ್ತು ಜಾಗವನ್ನು ಮುಂಗಡವಾಗಿ ಕಾಯ್ದಿರಿಸಿಕೊಳ್ಳಬೇಕಾಗುತ್ತದೆ.

ದೋಣಿಯ ವೇಳೆಯನ್ನು ನಿಶ್ಚಯಿಸುವುದು ಗಡಿಯಾರವಲ್ಲ, ಭರತ. ನೀರು ಪೂರ್ತಿ ಇಳಿದಾಗ ದೋಣಿ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೀರು ಪೂರ್ತಿ ಏರಿದಾಗ ಹಕ್ಕಿಗಳಿಗೆ ಮೇಯಲು ಕೆಸರೇ ಇರುವುದಿಲ್ಲ. ಆದ್ದರಿಂದ ಭರತ ಏರುತ್ತಿರುವ ಒಂದೆರಡು ಗಂಟೆಗಳು ಮಾತ್ರ ಸರಿಯಾದ ಹೊತ್ತು. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವ ಕಾರಣ, ಒಂದು ಭಾನುವಾರ ಬೆಳಗ್ಗೆ ಇದ್ದ ಭರತ ಮುಂದಿನ ಭಾನುವಾರ ನಡುಮಧ್ಯಾಹ್ನಕ್ಕೆ ಬರುತ್ತದೆ. ಇದನ್ನು ತಿಳಿಯಲು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು: ಮುಂಬಯಿಯ ಕಡಲಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ ಹೆಚ್ಚುಕಡಿಮೆ ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ಬೀಳುತ್ತದೆ, ಅಷ್ಟಮಿಯಂದು ಬೆಳಗಿನ ಆರರ ಸುಮಾರಿಗೆ, ಏಕಾದಶಿಗೆ ಎಂಟೂವರೆಯ ಹೊತ್ತಿಗೆ. ಖಾಡಿಯ ಒಳಭಾಗದಲ್ಲಿ ಅದು ಇನ್ನೂ ಸ್ವಲ್ಪ ತಡ. ಶುಕ್ಲವಾಗಲಿ ಕೃಷ್ಣವಾಗಲಿ, ಏಕಾದಶಿ–ದ್ವಾದಶಿಗಳ ಸುತ್ತ ಬೀಳುವ ಶನಿವಾರ, ಭಾನುವಾರಗಳಲ್ಲಿ ತಂಪು ಹೊತ್ತೂ ಏರುವ ನೀರೂ ಕೂಡಿಬರುತ್ತವೆ. ಕೂಡಿಬರದ ವಾರ ದೋಣಿಯನ್ನು ಬಿಟ್ಟು ಉಪವನಕ್ಕೆ ಹೋಗುವುದೇ ಲೇಸು. ಇಲ್ಲವೇ ಭರತದ ಹೊತ್ತಿಗೆ ಖಾಡಿಯಿಂದ ಎದ್ದ ಹಕ್ಕಿಗಳು ಬಂದು ನಿಲ್ಲುವ ನೆರುಳ ಬದಿಯ ಜೌಗುನೀರಿನ ತಾಣಗಳನ್ನು ಹುಡುಕಿಕೊಂಡು ಅದೇ ಟ್ರಾನ್ಸ್-ಹಾರ್ಬರ್ ರೈಲಿನಲ್ಲಿ ವಿರುದ್ಧ ದಿಕ್ಕಿಗೆ ಹೋಗಬಹುದು.

ಭಾನುವಾರದ ಇನ್ನೊಂದು ಗ್ರಹಚಾರ ಮೆಗಾ ಬ್ಲಾಕ್. ಹಳಿ ಮತ್ತು ತಂತಿಗಳ ದುರಸ್ತಿಗಾಗಿ ರೈಲ್ವೆಯವರು ಒಂದೊಂದು ಭಾನುವಾರ ಒಂದೊಂದು ಮಾರ್ಗದಲ್ಲಿ, ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ನಡುವೆ, ಲೋಕಲ್‌ಗಳನ್ನು ನಿಲ್ಲಿಸುತ್ತಾರೆ. ಯಾವ ಮಾರ್ಗದಲ್ಲಿ ಎಂಬುದು ಒಂದೆರಡು ದಿನ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ. ಬಿಸಿಲನ್ನು ತಪ್ಪಿಸಲು ಬೆಳಗ್ಗೆಯೇ ಕೆರೆ ನೋಡಿ ಮುಗಿಸುವವರಿಗೆ ಈ ಬ್ಲಾಕ್‌ನಿಂದ ಹಾನಿಯಿಲ್ಲ. ಮಧ್ಯಾಹ್ನ ಅಂಬರನಾಥಕ್ಕೆ ಹೋಗಿ 1060ರ ಕಾಲದ ಶಿಲಾಹಾರರ ಶಿವಾಲಯವನ್ನು, ಅಥವಾ ಕಲ್ಯಾಣದ ಕಾಳಾ ತಲಾವನ್ನು ನೋಡಬೇಕೆನ್ನುವವರು ಮಾತ್ರ ಎಚ್ಚರ ವಹಿಸಬೇಕು.

ಮುಂಬಯಿಗೆ ಮುಂಗಾರು ತಲುಪುವ ಸರಾಸರಿ ದಿನಾಂಕ ಜೂನ್ 11. ಅಷ್ಟರೊಳಗೆ ಹಕ್ಕಿಗಳ ಗುಂಪು ಕರಗಿ, ಯೇವೂರಿನ ಒಣ ಹಳ್ಳಗಳು ಮೊದಲ ನೀರಿಗೆ ಬಾಯ್ದೆರೆದಿರುತ್ತವೆ. ಯುಗಾದಿಯಿಂದ ಅಲ್ಲಿಯವರೆಗೆ ಲೆಕ್ಕಹಾಕಿದರೆ ಸಿಗುವ ವಾರಾಂತ್ಯಗಳು ಹತ್ತು, ಹೆಚ್ಚೆಂದರೆ ಹನ್ನೆರಡು. ಅವುಗಳಲ್ಲಿ ಬೆಳಗಿನ ಭರತ ಒದಗುವಂಥವು ಐದಾರು.