ಬಸ್ ಬೋರ್ಡಿನ ಮೇಲೆ ಉಳಿದ ಸೇನಾಪತಿ

‘ಪುನರುಜ್ಜೀವನ ಕಾಲದಲ್ಲಿ ಸೇನಾನಿಯೂ ಆಗಿ ಆಳ್ವಿಕೆಯನ್ನೂ ನಡೆಸಿದ ಒಬ್ಬ ಶ್ರೀಮಂತನ ಹೆಸರು ಹೇಳಿ.’

ಧಾರವಾಡದ ಕೋಚಿಂಗ್ ಸೆಂಟರ್ ಒಂದರಲ್ಲಿ ನಡೆದ ಅಣಕು ಸಂದರ್ಶನವದು. ಮೇಜಿನ ಆಚೆ ಮೂವರು ಮೇಷ್ಟ್ರುಗಳು, ಈಚೆ ಗೆಳೆಯನ ಶರ್ಟು ತೊಟ್ಟ ನಾನು. ಪ್ರಶ್ನೆ ಕೇಳಿ ಒಳಗೊಳಗೇ ಕುಣಿದೆ. ಹಿಂದಿನ ರಾತ್ರಿಯಷ್ಟೇ ಓದಿದ್ದೆ. ‘ಇಟಲಿಯ ಉರ್ಬಿನೊದ ಫೆದೆರಿಕೊ ದ ಮೊಂತೆಫೆಲ್ತ್ರೊ ಸರ್. 1422ರಲ್ಲಿ ಹುಟ್ಟಿ 1482ರಲ್ಲಿ ತೀರಿಕೊಂಡ. ಹಣ ಪಡೆದು ಬೇರೆ ರಾಜ್ಯಗಳಿಗಾಗಿ ಯುದ್ಧ ಮಾಡುತ್ತಿದ್ದ. ಆ ದುಡ್ಡಿನಲ್ಲಿ ಅರಮನೆ ಕಟ್ಟಿಸಿದ, ದೊಡ್ಡ ಗ್ರಂಥಾಲಯ ಮಾಡಿದ. ಬಲಗಣ್ಣು ಹೋಗಿತ್ತು. ಅದಕ್ಕೇ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ಚಿತ್ರದಲ್ಲಿ ಅವನ ಎಡ ಮಗ್ಗುಲಷ್ಟೇ ಕಾಣುತ್ತದೆ’ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

‘ಶಹಬ್ಬಾಸ್. ನಿಮ್ಮೂರು ಯಾವುದು?’

‘ಶಿಗ್ಗಾವಿ ತಾಲ್ಲೂಕು ಸರ್, ಬಂಕಾಪುರದ ಹತ್ತಿರ ಒಂದು ಹಳ್ಳಿ.’

‘ಬಂಕಾಪುರಕ್ಕೆ ಆ ಹೆಸರು ಯಾರಿಂದ ಬಂತು?’

ಬಾಯಿ ಕಟ್ಟಿತು. ನವಿಲುಧಾಮ ಗೊತ್ತು, ಕೋಟೆ ಗೊತ್ತು, ಅರವತ್ತು ಕಂಬದ ನಗರೇಶ್ವರ ಗುಡಿ ಗೊತ್ತು. ಪಕ್ಕದ ಬಾಡದಲ್ಲಿ ಕನಕದಾಸರು ಹುಟ್ಟಿದ್ದು ಗೊತ್ತು. ‘ಬಂಕಾಪುರ’ ಎಂಬ ಬೋರ್ಡು ಹೊತ್ತ ಬಸ್ಸನ್ನು ಹತ್ತಿ ಇಳಿದೇ ದೊಡ್ಡವನಾದವನು ನಾನು. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇರಬಹುದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಮೇಷ್ಟ್ರು ನಕ್ಕರು. ‘ಇಟಲಿಯವನ ಕಣ್ಣಿನ ಲೆಕ್ಕ ಇಟ್ಟೀರಿ, ನಿಮ್ಮೂರಿನ ಸೇನಾಪತಿಯ ಹೆಸರೇ ಗೊತ್ತಿಲ್ಲ. ಓದಿಕೊಂಡು ಬರ್ರಿ’ ಎಂದರು.

ಮರುದಿನ ಗ್ರಂಥಾಲಯಕ್ಕೆ ಹೋದೆ. ‘ಎಪಿಗ್ರಾಫಿಯಾ ಇಂಡಿಕಾ’ದ ಆರನೇ ಸಂಪುಟದಲ್ಲಿ ಕೊಣ್ಣೂರಿನ ಶಾಸನ ಸಿಕ್ಕಿತು. ಕೊಣ್ಣೂರು ಎಂದರೆ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಊರು. ಶಾಸನದಲ್ಲಿ ಅದು ಕೊಳನೂರ. ಪುಟಗಳನ್ನು ಝೆರಾಕ್ಸ್ ಮಾಡಿಸಿ ಬ್ಯಾಗಿಗೆ ಹಾಕಿಕೊಂಡೆ. ಪರೀಕ್ಷೆ ಮುಗಿದ ಮೇಲೆ ನಿಧಾನಕ್ಕೆ ಓದಿದರಾಯಿತು ಎಂದುಕೊಂಡೆ.

ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಅವ್ವನ ಫೋನು ಬಂತು. ‘ಅಪ್ಪ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಾನ. ಕಾಲು ಮುರದೈತಿ. ಗೋವಿನಜೋಳ ಹೊಲದಾಗ ಹಂಗ ನಿಂತೈತಿ. ಬಂದುಬಿಡಪಾ.’

ಇದು ನನ್ನ ಮೂರನೇ ಪ್ರಯತ್ನ. ಮೊದಲೆರಡರಲ್ಲಿ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲ ಆಗೇ ಆಗುತ್ತದೆ ಎಂಬ ಧೈರ್ಯವಿತ್ತು. ಫೋನಿಟ್ಟು ಒಂದು ತಾಸು ಸುಮ್ಮನೆ ಕೂತೆ. ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆದೆ.

ಊರಲ್ಲಿ ಹಗಲು ಹೊಲ, ರಾತ್ರಿ ಅಪ್ಪನ ಮಂಚದ ಪಕ್ಕದ ಚಾಪೆ. ಸಿಲೆಬಸ್ಸಿನ ಪುಸ್ತಕ ಮುಟ್ಟಿದರೆ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ಪರೀಕ್ಷೆಗೆ ಬಾರದ ಆ ಝೆರಾಕ್ಸ್ ಹಾಳೆಗಳನ್ನೇ ತೆಗೆದೆ. ಹೀಗೆ ನನಗೆ ಬಂಕೆಯ ಸಿಕ್ಕಿದ.

ಕೊಣ್ಣೂರಿನ ಶಾಸನ ಹೇಳುವುದು ಶಕವರ್ಷ 782, ಅಂದರೆ ಕ್ರಿ.ಶ. 860ರ ಸಂಗತಿ. ಆಗ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಾನ್ಯಖೇಟದಲ್ಲಿದ್ದ. ‘ಕವಿರಾಜಮಾರ್ಗ’ದ ಜೊತೆ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಅದೇ ನೃಪತುಂಗ. ಅವನ ಕೈಕೆಳಗಿನ ಅಧಿಕಾರಿ ಈ ಬಂಕೆಯ, ಮುಕುಲ ಕುಲದವನು. ಅಜ್ಜ ಎರಕೋರಿ. ತಂದೆ ಅಧೋರ, ಕೊಳನೂರಿನ ಒಡೆಯ. ತಾಯಿ ವಿಜಯಾಂಕೆ. ರಾಜನ ಮೆಚ್ಚುಗೆಯಿಂದ ಬಂಕೆಯನಿಗೆ ಬನವಾಸಿ ಮೊದಲಾದ ಮೂವತ್ತು ಸಾವಿರ ಹಳ್ಳಿಗಳ ಆಡಳಿತ ಸಿಕ್ಕಿತ್ತು ಎನ್ನುತ್ತದೆ ಶಾಸನ.

ನಮ್ಮ ತಾಲ್ಲೂಕಿನದೇ ನಿಡಗುಂದಿಯ ಇನ್ನೊಂದು ಶಾಸನ ಅವನ ಆಡಳಿತದ ಸೀಮೆಗಳನ್ನು ಹೆಸರು ಹಿಡಿದು ಎಣಿಸುತ್ತದೆ: ಬನವಾಸಿ 12000, ಬೆಳ್ಗಲಿ 300, ಕುಂದರಗೆ 70, ಕುಂದೂರು 500, ಪುರಿಗೆರೆ 300. ಪುರಿಗೆರೆ ಅಂದರೆ ಇವತ್ತಿನ ಲಕ್ಷ್ಮೇಶ್ವರ. ಹೆಸರಿನ ಮುಂದೆ ಹೀಗೆ ಅಂಕಿ ಹಾಕಿ ನಾಡುಗಳನ್ನು ಗುರುತಿಸುವುದು ಆ ಕಾಲದ ಪದ್ಧತಿ. ಬಂಕೆಯನ ಮಗ ಕುಂದಟ್ಟೆ ನಿಡಗುಂದಗೆ 12ನ್ನು ನೋಡಿಕೊಳ್ಳುತ್ತಿದ್ದನಂತೆ. ಅಪ್ಪನ ಕೈಯಲ್ಲಿ ಐದು ನಾಡು, ಮಗನ ಕೈಯಲ್ಲಿ ಹನ್ನೆರಡು ಹಳ್ಳಿ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಮಗನಿಗಿನ್ನೂ ಪ್ರೊಬೇಷನರಿ ಅವಧಿ!

ಕುರ್ಚಿ ಸಿಕ್ಕಿತೆಂದು ಬಂಕೆಯ ನೆಮ್ಮದಿಯಾಗಿ ಕೂರುವಂತಿರಲಿಲ್ಲ. ತಲಕಾಡಿನ ಗಂಗರು ರಾಷ್ಟ್ರಕೂಟರಿಗೆ ಬಗ್ಗುತ್ತಿರಲಿಲ್ಲ. ಗಂಗವಾಡಿಯ ಮೇಲೆ ದಂಡೆತ್ತಿ ಹೋಗು ಎಂದು ಅಮೋಘವರ್ಷ ಆಜ್ಞೆ ಮಾಡಿದ. ಉಳಿದ ಸಾಮಂತರು ಹೊಟ್ಟೆಕಿಚ್ಚಿನಿಂದ ಇವನ ಕೈಬಿಟ್ಟರು. ಆದರೂ ಬಂಕೆಯ ಹೊರಟ. ಕೇದಾಳದ ಕೋಟೆಯನ್ನು ಹಿಡಿದ. ಇದು ತುಮಕೂರಿನ ಹತ್ತಿರದ ಕೈದಾಳ ಎನ್ನುತ್ತಾರೆ. ಅಲ್ಲಿಂದ ಮುಂದೆ ದಾಟಲು ಕಷ್ಟವಾದ ಕಾವೇರಿಯನ್ನು ದಾಟಿದ. ತಲವನಪುರದ, ಅಂದರೆ ತಲಕಾಡಿನ, ಒಡೆಯನನ್ನು ಓಡಿಸಿದ. ಶತ್ರುವಿನ ನೆಲವನ್ನೇ ಅಲುಗಾಡಿಸಿದ.

ಅಷ್ಟರಲ್ಲಿ ರಾಜನಿಂದ ಕರೆ ಬಂತು.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಹಾಳೆಯನ್ನು ಮಡಚಿ ಮತ್ತೆ ಬಿಚ್ಚಿದೆ. ಅರಮನೆಯಲ್ಲೇ ಬಂಡಾಯ ಎದ್ದಿತ್ತು. ರಾಜನ ಸ್ವಂತ ಮಗನೇ ವೈರಿಗಳ ಜೊತೆ ಸೇರಿದ್ದ. ಹಿಂದಿರುಗಿ ಬಾ ಎಂದು ಅಮೋಘವರ್ಷ ಹೇಳಿ ಕಳಿಸಿದ. ಗೆಲುವಿನ ಹೊಸ್ತಿಲಲ್ಲಿದ್ದ ಬಂಕೆಯ ಮರಳಿ ಹೊರಟ. ಹೊರಡುವಾಗ ಒಂದು ಪ್ರತಿಜ್ಞೆ ಮಾಡಿದ. ಮೂರು ತಿಂಗಳೊಳಗೆ ಶತ್ರುಗಳನ್ನು ಗೆದ್ದು ಒಡೆಯನಿಗೆ ಹಾಲು ಕುಡಿಸದಿದ್ದರೆ ತಾನು ಬೆಂಕಿಗೆ ಬೀಳುವುದಾಗಿ ಮಾತು ಕೊಟ್ಟ. ಶಾಸನ ಸಂಸ್ಕೃತದಲ್ಲಿದ್ದರೂ ಈ ‘ಹಾಲು ಕುಡಿಸುವ’ ಮಾತು ನಮ್ಮದೇ ಅನ್ನಿಸಿತು. ನಾವು ಈಗಲೂ ‘ಹಾಲು ಕುಡಿದಷ್ಟು ಸಂತೋಷ ಆತು’ ಅನ್ನುತ್ತೇವಲ್ಲ! ಬಂಕೆಯ ಬಂದ, ಬಂಡಾಯ ಅಡಗಿತು.

‘ಏನೋ ಅದು, ಅಷ್ಟು ಮಗ್ನ ಆಗಿ ಓದಾಕತ್ತೀದಿ?’ ಅಪ್ಪ ಮಂಚದ ಮೇಲಿಂದ ಕೇಳಿದ. ಕಥೆ ಹೇಳಿದೆ. ಅಪ್ಪ ಮುರಿದ ಕಾಲನ್ನು ದಿಂಬಿನ ಮೇಲೆ ಸರಿಮಾಡಿಕೊಂಡು ಪೂರ್ತಿ ಕೇಳಿದ.

‘ಹಂಗಾರ ತಲಕಾಡು ಗೆದ್ದು ಬಂದನೋ, ಬಿಟ್ಟು ಬಂದನೋ?’

‘ಬಿಟ್ಟ ಬಂದ.’

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಏನನ್ನು ಬಿಟ್ಟು ಬಂದಿದ್ದೇನೆ ಎಂಬುದು ಅವನಿಗೂ ಗೊತ್ತಿತ್ತು. ಇಬ್ಬರೂ ಆ ಮಾತನ್ನು ಎತ್ತಿರಲಿಲ್ಲ ಅಷ್ಟೆ.

‘ಆಮ್ಯಾಲರ ಗೆದ್ರೇನು ಅದನ್ನ?’

‘ಇಲ್ಲಪ್ಪ. ಆಮ್ಯಾಲೆ ಗಂಗರೂ ಇವರೂ ಬೀಗರಾದ್ರು. ಅಮೋಘವರ್ಷ ತನ್ನ ಮಗಳನ್ನ ಗಂಗರ ಬೂತುಗನಿಗೆ ಕೊಟ್ಟ.’

ಅಪ್ಪ ನಕ್ಕುಬಿಟ್ಟ. ‘ಅಷ್ಟು ಮಂದಿ ಸತ್ತ ಮ್ಯಾಲೆ ಹೆಣ್ಣು ಕೊಟ್ಟು ಮುಗಿಸಿದ್ರಲ್ಲ! ಮೊದಲ ಕೊಟ್ಟಿದ್ರ ಆಗತಿರಲಿಲ್ಲೇನು?’ ಕಾಲು ಮುರಿದ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು.

ನನ್ನ ತಲೆಯಲ್ಲಿ ಮಾತ್ರ ಅಪ್ಪನ ಪ್ರಶ್ನೆಯೇ ಉಳಿಯಿತು. ತಲಕಾಡನ್ನು ಬಿಟ್ಟು ಬಂದದ್ದಕ್ಕೆ ಬಂಕೆಯನಿಗೆ ನಾಚಿಕೆ ಆಗಿತ್ತೇ? ಹಾಗಿದ್ದರೆ ಅದನ್ನು ಶಾಸನದಲ್ಲಿ ಬರೆಸುತ್ತಿರಲಿಲ್ಲ. ಕೋಟೆ ಹಿಡಿದದ್ದನ್ನು, ಹೊಳೆ ದಾಟಿದ್ದನ್ನು ಹೇಳಿದಷ್ಟೇ ಸಲೀಸಾಗಿ, ಕರೆದಾಗ ಹಿಂದಿರುಗಿದ್ದನ್ನೂ ಆ ಶಾಸನ ಹೇಳುತ್ತದೆ. ಅದೂ ಅವನ ಸಾಧನೆಯ ಪಟ್ಟಿಯಲ್ಲೇ ಇದೆ.

ಬಹುಮಾನದ ಭಾಗ ಇನ್ನೂ ಚೆಂದ. ರಾಜ ಮೆಚ್ಚಿದಾಗ ಬಂಕೆಯ ಕೇಳಿದ್ದು ತನ್ನ ಸಲುವಾಗಿ ಅಲ್ಲ. ತಂದೆಯ ಊರಾದ ಕೊಳನೂರಿನಲ್ಲಿ ಅವನು ಒಂದು ಜಿನಾಲಯ ಕಟ್ಟಿಸಿದ್ದ. ಅದು ನಡೆದುಕೊಂಡು ಹೋಗಲು ತಳೆಯೂರು ಎಂಬ ಹಳ್ಳಿಯನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ಅವನ ಬಿನ್ನಹದ ಮೇಲೆ ರಾಜ ದೇವೇಂದ್ರ ಮುನಿಗೆ ದಾನ ಕೊಟ್ಟ. ಇಷ್ಟೆಲ್ಲ ಯುದ್ಧದ ವಿವರ ಇರುವುದು ಒಂದು ಭೂದಾನದ ದಾಖಲೆಯಲ್ಲಿ! ದಾನ ಬರೆದದ್ದು ತಾಮ್ರಪಟದ ಮೇಲೆ. ಎಷ್ಟೋ ತಲೆಮಾರು ಕಳೆದ ಮೇಲೆ ಕೊಳನೂರಿನ ಹುಳಿಯಮರಸ ಮೊದಲಾದವರು ಕೇಳಿಕೊಂಡರೆಂದು ವೀರನಂದಿ ಮುನಿಗಳು ಅದನ್ನು ಕಲ್ಲಿಗೆ ಇಳಿಸಿದರು. ಹಳೆಯ ಪಹಣಿಯನ್ನು ಊರವರು ಜೋಪಾನ ಮಾಡಿದ ಹಾಗೆ. ಹಾಗೆ ಮಾಡಿದ್ದರಿಂದಲೇ ಬಂಕೆಯನ ಸಂಗತಿ ನನ್ನವರೆಗೆ ಬಂತು.

ಊರಿನ ಹೆಸರಿನ ಸಾಕ್ಷಿ ಸಿಕ್ಕಿದ್ದು ಬೇರೊಂದು ಕಡೆ. ಜಿನಸೇನರ ಶಿಷ್ಯ ಗುಣಭದ್ರರ ‘ಉತ್ತರಪುರಾಣ’ದ ಕೊನೆಯ ಪದ್ಯಗಳಲ್ಲಿ ಶಕವರ್ಷ 820ರ, ಅಂದರೆ ಕ್ರಿ.ಶ. 898ರ ಸುಮಾರಿನ ಮಾತಿದೆ. ಬಂಕೆಯನ ಮಗ ಲೋಕಾದಿತ್ಯ ಬಂಕಾಪುರದಲ್ಲಿದ್ದು ಬನವಾಸಿ ನಾಡನ್ನು ಆಳುತ್ತಿದ್ದ, ಆ ಊರಿಗೆ ಅವನ ತಂದೆಯೇ ತನ್ನ ಹೆಸರಿಟ್ಟಿದ್ದ ಎಂದು ಅಲ್ಲಿದೆ. ಮೇಷ್ಟ್ರು ಕೇಳಿದ್ದ ಪ್ರಶ್ನೆಗೆ ಇದು ಉತ್ತರ.

ಇನ್ನೊಂದು ಸೋಜಿಗವಿದೆ. ಬಂಕೆಯ ದಂಡೆತ್ತಿ ಹೋದದ್ದು ಗಂಗರ ಮೇಲೆ. ನೂರು ವರ್ಷ ದಾಟಿದ ಮೇಲೆ, 974ರ ಸುಮಾರಿಗೆ, ಅದೇ ಗಂಗ ವಂಶದ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರಕ್ಕೆ ಬಂದ. ಅಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಶತ್ರುವಿನ ಹೆಸರಿನ ಊರೇ ಅವನ ಕೊನೆಯ ಊರಾಯಿತು.

ನಾನು ಪರೀಕ್ಷೆ ಬರೆಯಬೇಕಿದ್ದ ಭಾನುವಾರ ಗೋವಿನಜೋಳದ ರಾಶಿ ಮಾಡಿದೆವು. ಹತ್ತು ಗಂಟೆಗೆ ಮೊಬೈಲ್ ನೋಡಿಕೊಂಡೆ. ಈಗ ಪ್ರಶ್ನೆಪತ್ರಿಕೆ ಕೊಟ್ಟಿರುತ್ತಾರೆ ಅನ್ನಿಸಿತು. ಹೊಟ್ಟೆಯಲ್ಲಿ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂಕೆಯನಿಗೆ ಹಿಂದಿರುಗಿದ ಮೇಲೂ ಐದು ನಾಡುಗಳಿದ್ದವು, ನನಗೆ ಇನ್ನೊಂದು ಅರ್ಜಿ ಮಾತ್ರ ಇದೆ. ಅಷ್ಟು ವ್ಯತ್ಯಾಸ ನನಗೂ ಗೊತ್ತು. ಆದರೆ ‘ಬಿಟ್ಟು ಬಂದೆ’ ಎಂಬ ಮಾತು ಅವತ್ತಿನಿಂದ ಮೊದಲಿನಷ್ಟು ಚುಚ್ಚುತ್ತಿಲ್ಲ.

ಇಷ್ಟು ವರ್ಷ ನನಗೆ ಅಧಿಕಾರ ಅಂದರೆ ಗೂಟದ ಕಾರು, ಹೆಸರಿನ ಮುಂದೆ ನಾಲ್ಕಕ್ಷರ, ಊರ ಬಾಗಿಲಲ್ಲಿ ಫ್ಲೆಕ್ಸು. ಬಂಕೆಯನ ಕೆಲಸದ ವಿವರ ಓದಿದರೆ ಬೇರೆಯದೇ ಚಿತ್ರ ಬರುತ್ತದೆ. ಜೊತೆಯವರು ಕೈಬಿಟ್ಟಾಗಲೂ ಹೋಗಬೇಕು. ಗೆಲ್ಲುತ್ತಿರುವಾಗಲೂ ಕರೆದರೆ ಬರಬೇಕು. ಕೊಡುತ್ತೇನೆ ಎಂದಾಗ ಏನು ಕೇಳಬೇಕು ಎಂಬುದು ತಿಳಿದಿರಬೇಕು. ಈ ಮೂರನೆಯದರ ಬಗ್ಗೆ ಯಾವ ಅಣಕು ಸಂದರ್ಶನದಲ್ಲೂ ಯಾರೂ ನನ್ನನ್ನು ಕೇಳಿಲ್ಲ.

ಫೆದೆರಿಕೊನ ಚಿತ್ರ ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿದೆ, ಜಗತ್ತೇ ಸಾಲುಗಟ್ಟಿ ನೋಡುತ್ತದೆ. ಅವನಿಗಿಂತ ಆರುನೂರು ವರ್ಷ ಹಿಂದಿನ ನಮ್ಮ ಸೇನಾಪತಿಯ ಮುಖ ನಮಗೆ ಗೊತ್ತಿಲ್ಲ. ಕಾಲು ಸರಿಯಾದ ಮೇಲೆ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂಕಾಪುರದ ಕೋಟೆಗೆ ಹೋಗಿದ್ದೆ. ಈಗ ಕಾಣುವ ಕೋಟೆ, ಗುಡಿ ಎಲ್ಲ ಬಂಕೆಯನ ನಂತರದವು. ಅಪ್ಪ ಕೋಲೂರಿಕೊಂಡು ನಗರೇಶ್ವರ ಗುಡಿಯ ಕಂಬಗಳನ್ನು ಒಂದೊಂದಾಗಿ ಮುಟ್ಟಿದ. ದೂರದಲ್ಲಿ ನವಿಲು ಕೂಗಿತು. ‘ಅವನ್ದು ಇಲ್ಲಿ ಏನೂ ಇಲ್ಲೇನು ಹಂಗಾರ?’ ಎಂದು ಕೇಳಿದ.

‘ಹೆಸರು ಐತಲ್ಲಪ್ಪ’ ಎಂದೆ.

ಕಳೆದ ವಾರ ಮತ್ತೆ ಧಾರವಾಡಕ್ಕೆ ಹೊರಟೆ. ಹೊಸ ಅಧಿಸೂಚನೆ ಬಂದಿದೆ, ಅರ್ಜಿ ಹಾಕಿದ್ದೇನೆ. ಬಸ್ಸಿನಲ್ಲಿ ಸವಣೂರಿನಿಂದ ಬಂದ ಕಾಲೇಜು ಹುಡುಗರು, ಹಾನಗಲ್ಲಿನ ಸಂತೆಗೆ ಹೊರಟ ಹೆಣ್ಣುಮಕ್ಕಳು, ಹಿರೇಕೆರೂರಿಗೆ ಬಸ್ಸು ಬದಲಿಸಬೇಕಾದ ಅಜ್ಜ ಒಬ್ಬರು ಇದ್ದರು. ‘ಯಾರ್ರೀ ಬಂಕಾಪುರ, ಬಂಕಾಪುರ ಇಳೀರಿ!’ ಎಂದು ಕಂಡಕ್ಟರ್ ಕೂಗಿದ. ಹನ್ನೊಂದು ನೂರು ವರ್ಷದ ಹಿಂದಿನ ಅಧಿಕಾರಿಯ ಹೆಸರನ್ನು ಅವನು ದಿನಕ್ಕೆ ಎಷ್ಟು ಸಲ ಕೂಗುತ್ತಾನೋ! ನಾನು ಪಕ್ಕದಲ್ಲಿದ್ದ ಹುಡುಗನ ಕಡೆ ತಿರುಗಿ ಕೇಳಿದೆ: ‘ತಮ್ಮಾ, ಈ ಊರಿಗೆ ಬಂಕಾಪುರ ಅಂತ ಹೆಸರು ಹ್ಯಾಂಗ ಬಂತು, ಗೊತ್ತೈತೇನು?’

ಅವನು ಕಿವಿಯಿಂದ ಇಯರ್‌ಫೋನ್ ತೆಗೆದ. ಧಾರವಾಡಕ್ಕೆ ಇನ್ನೂ ದೂರವಿತ್ತು.