ಸಮುದ್ರದ ಏರಿಕೆಯೂ ಗಜನಿಯ ಬೇಸಾಯವೂ

ಉಷ್ಣದಿಂದ ನೀರು ಹಿಗ್ಗುವುದು, ಹಿಮರಾಶಿ ಕರಗಿ ಕಡಲನ್ನು ಸೇರುವುದು ಎಂಬೀ ಮುಖ್ಯ ಕಾರಣಗಳಿಂದ 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ. ಒಂದು ಗೇಣಿನ ಏರಿಕೆಯಿಂದ ಆಗುವುದೇನೆಂದು ಬಯಲುಸೀಮೆಯವರಾದ ನಾವು ಕೇಳಬಹುದು.

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯು ಕಡಲನ್ನು ಕೂಡುವೆಡೆಯ ತಗ್ಗುಭೂಮಿಗೆ ಗಜನಿಯೆಂದು ಹೆಸರು. ಉಬ್ಬರದ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು, ಮಳೆಯ ಸಿಹಿನೀರು ಮಣ್ಣಿನ ಲವಣವನ್ನು ತೊಳೆದ ಮೇಲೆ ಅಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. (ಕಗ್ಗವೆಂದೊಡನೆ ಡಿ.ವಿ.ಜಿ.ಯವರನ್ನೇ ನೆನೆಯುವ ನಮಗೆ ಇದು ಬೇರೊಂದು ಕಗ್ಗ!) ಕೆಲವು ದಿನ ನೀರಿನಲ್ಲಿ ಮುಳುಗಿದರೂ, ಮಣ್ಣಿನಲ್ಲಿ ಉಪ್ಪು ಉಳಿದರೂ ತಾಳಿಕೊಳ್ಳುವ ತಳಿಯಿದು. ಕೊಯ್ಲಿನ ತರುವಾಯ ಅದೇ ಗದ್ದೆಗಳಲ್ಲಿ ಮೀನು, ಸಿಗಡಿ.

ಈ ತಾಳಿಕೆಗೂ ಮಿತಿಯುಂಟು. ಕಡಲು ಏರಿದಷ್ಟೂ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರಕ್ಕೆ ಒಡ್ಡು ಗಿಡ್ಡವಾಗುತ್ತದೆ. ಮುಂಗಾರು ತಡೆದರೆ ಲವಣ ತೊಳೆಯದೆ ಬಿತ್ತನೆಯ ಹದ ತಪ್ಪುತ್ತದೆ. ಸಿಗಡಿಯ ಆದಾಯಕ್ಕೆ ಮನಸೋತು ಭತ್ತವನ್ನು ತೊರೆದವರೂ ಅನೇಕರಿದ್ದಾರೆ. ಆ ಹೊಣೆಯನ್ನು ಹವಾಮಾನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬಿತ್ತದೆ ಇರಿಸಿದ ಭತ್ತವು ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉಪ್ಪುನೆಲ ಹೆಚ್ಚುವ ಕಾಲಕ್ಕೆ ಬೇಕಾದ ಈ ಬೀಜವನ್ನು ವರ್ಷವರ್ಷವೂ ಬಿತ್ತಿ ಉಳಿಸುತ್ತಿರುವವರು ಮಾಣಿಕಟ್ಟಾ ಮೊದಲಾದ ಕೆಲವೇ ಊರುಗಳ ರೈತರು.